ಹುಣಸೆಹಣ್ಣು ಹಚ್ಚಿದವಳು ನಾನು: ಚರ್ಚಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ನಿಮ್ಮ ಚರ್ಚಿನ ದಕ್ಷಿಣ ಗೋಡೆಯ ಹಿತ್ತಾಳೆ ಫಲಕವನ್ನು ಕೆಡಿಸಿದವರು ನಿಮ್ಮ ನೌಕರ ತೆಸ್ಫಾಯ್ ಅಲ್ಲ. ನಾನು. ನಿಮ್ಮ ನಾಲ್ಕು ಪುಟದ ವರದಿಯಲ್ಲಿ ‘ಮೂಲ ತಿಳಿಯದ ಆಮ್ಲೀಯ ಪದಾರ್ಥ’ ಎಂದು ಬರೆದಿದ್ದೀರಲ್ಲ, ಅದರ ಮೂಲ ನಮ್ಮ ಅಡುಗೆಮನೆಯ ಎರಡನೆಯ ಕಪಾಟು. ಅದರ ಹೆಸರು ಹುಣಸೆಹಣ್ಣು. ಜೊತೆಗೆ ಒಂದು ಹಿಡಿ ಕಲ್ಲುಪ್ಪು, ತಿಪಟೂರಿನಿಂದ ತಂದಿಟ್ಟುಕೊಂಡ ತೆಂಗಿನ ನಾರು, ಅರವತ್ತೊಂಬತ್ತು ವರ್ಷದ ಎರಡು ಕೈ. ಮಾದರಿಯನ್ನು ಸ್ಟಾಕ್‌ಹೋಮಿನ ಪ್ರಯೋಗಾಲಯಕ್ಕೆ ಕಳಿಸಿ ಮೂರು ವಾರ ಕಾಯುವ ಬದಲು ಯಾರಾದರೊಬ್ಬರು ಹತ್ತಿರ ಹೋಗಿ ಮೂಸಿದ್ದರೆ ಸಾಕಿತ್ತು. ನಿಮ್ಮ ಕಛೇರಿಯಲ್ಲಿ ಮೂಗಿಗೆ ಕೆಲಸ ಕೊಡುವ ಪದ್ಧತಿ ಇಲ್ಲವೆಂದು ತೋರುತ್ತದೆ.

ಇದನ್ನು ಕನ್ನಡದಲ್ಲಿ ಬರೆದು ಇಲ್ಲಿನ ಕನ್ನಡಿಗರು ನಡೆಸುವ ಪತ್ರಿಕೆಗೆ ಕೊಟ್ಟಿದ್ದೇನೆ. ಸ್ವೀಡಿಷ್ ಪ್ರತಿಯನ್ನು ನನ್ನ ಮೊಮ್ಮಗಳು ದಿಯಾ ಸಿದ್ಧಪಡಿಸಿ ನಿಮ್ಮ ಕಛೇರಿಯ ಟಪಾಲು ಡಬ್ಬಿಗೆ ಹಾಕಿದ್ದಾಳೆ. ಒಂದೇ ಪ್ರತಿ ಸಾಲದೇ ಎಂದು ನೀವು ಕೇಳಬಹುದು. ಸಾಲದು. ತಪ್ಪು ಮಾಡಿದ್ದು ನಿಮ್ಮ ಚರ್ಚಿನಲ್ಲಿ, ಅದನ್ನು ಪೌರುಷವೆಂದು ಹೇಳಿಕೊಂಡು ತಿರುಗಿದ್ದು ನನ್ನ ಜನರ ನಡುವೆ. ಒಪ್ಪಿಕೊಳ್ಳುವುದು ಎರಡೂ ಕಡೆ ಆಗಬೇಕು. ಇನ್ನೊಂದು ಕಾರಣವೂ ಇದೆ. ನನ್ನ ಸ್ವೀಡಿಷ್ ಅಂಗಡಿಗೆ ಸಾಕು, ಆಸ್ಪತ್ರೆಗೆ ಸಾಕು, ಬಸ್ಸಿನಲ್ಲಿ ಪಕ್ಕದವರ ನಾಯಿಯನ್ನು ಹೊಗಳಲು ಸಾಕು. ನಾನು ಸುಳ್ಳು ಹೇಳಿದೆ ಎಂದು ಹೇಳಲು ಅದು ಸಾಲದು. ಆ ಮಾತು ಆ ಭಾಷೆಯಲ್ಲಿ ನನಗೆ ತೀರಾ ಸುಲಭವಾಗಿ ಬಂದುಬಿಡುತ್ತದೆ; ಯಾರೋ ಬೇರೆಯವರು ಹೇಳಿದಂತಿರುತ್ತದೆ.

ನಾನು ಯಾರೆಂದು ನಿಮಗೆ ಗೊತ್ತು. ಹೋದ ವರ್ಷ ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ನನ್ನ ಫೋಟೊ ಹಾಕಿದ್ದಿರಿ. ಸೀರೆಯ ಮೇಲೆ ಉಣ್ಣೆಯ ಕೋಟು, ಕೈಯಲ್ಲಿ ಸೂಪಿನ ಸೌಟು, ಕೆಳಗೆ ‘ಎಲ್ಲರಿಗೂ ತೆರೆದ ಬಾಗಿಲು’ ಎಂಬ ಸಾಲು. ಓರೆಬ್ರೂವಿನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಈ ಊರಿನಲ್ಲಿ ನನ್ನ ಮಗ ನೀರಜ್ ಮನೆ ಕೊಂಡು ಒಂಬತ್ತು ವರ್ಷವಾಯಿತು. ಅವನೂ ಸೊಸೆ ಅದಿತಿಯೂ ಓರೆಬ್ರೂವಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ. ಒಂಬತ್ತು ವರ್ಷದಿಂದ ಪ್ರತಿ ಬುಧವಾರ ನಿಮ್ಮ ಚರ್ಚಿನ ಹಿಂಭಾಗದಲ್ಲಿ ಮೇಜು ಜೋಡಿಸಿ ಸೂಪು ಬಡಿಸುವ ಕೆಲಸಕ್ಕೆ ನಾನು ಬಂದಿದ್ದೇನೆ. ನನ್ನದು ಬೇರೆ ದೇವರು. ಅದನ್ನು ನೀವು ಯಾರೂ ಕೇಳಲಿಲ್ಲ, ನಾನೂ ಮುಚ್ಚಿಡಲಿಲ್ಲ. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಮುಂದೆ ಓದಿಲ್ಲ. ಆದರೆ ಮನೆ ನಡೆಸಿದ್ದೇನೆ, ಮೂವರು ಮೈದುನರ ಮದುವೆ ಮಾಡಿಸಿದ್ದೇನೆ, ಗಂಡ ತೀರಿಕೊಂಡ ಮೇಲೂ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ತಗ್ಗಿಸುವ ಅಭ್ಯಾಸವಿಲ್ಲದ್ದರಿಂದಲೇ ಈ ಪತ್ರ ಆರು ವಾರ ತಡವಾಗಿದೆ.

ನಾನು ಬುಧವಾರ ಕೂರುತ್ತಿದ್ದ ಬೆಂಚಿನ ಮೇಲ್ಗಡೆ ಆ ಬಣ್ಣದ ಗಾಜಿನ ಕಿಟಕಿ. ಬಿಳಿ ನಿಲುವಂಗಿಯ ಪುಟ್ಟ ಹುಡುಗಿ ಕುರಿಮರಿಯನ್ನು ಎದೆಗವುಚಿಕೊಂಡು ನಿಂತಿದ್ದಾಳೆ, ಹಿಂದೆ ಕಡುನೀಲಿ ಆಕಾಶ. ನಿಮ್ಮ ಕಿರುಹೊತ್ತಗೆ ಹೇಳುವ ಪ್ರಕಾರ ಅದು ಇಂಗ್ಲೆಂಡಿನಲ್ಲಿ ತಯಾರಾಗಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಹಡಗೇರಿ ಬಂದದ್ದು. ಇಲ್ಲಿನ ಕಬ್ಬಿಣದ ಕಾರ್ಖಾನೆಗೆ ಬಂದಿದ್ದ ಇಂಗ್ಲಿಷ್ ಎಂಜಿನಿಯರ್ ಎಡ್ವಿನ್ ಕ್ರಾಸ್ಲಿ ಎಂಬವರು ತಮ್ಮ ದೇಶದ ಹಳ್ಳಿಯ ಚರ್ಚುಗಳಲ್ಲಿ ಮಾಡುವಂತೆ ಕಿಟಕಿಯ ಕೆಳಗೆ ಒಂದು ಹಿತ್ತಾಳೆ ಫಲಕವನ್ನೂ ಕೂರಿಸಿದರು. ಚಳಿಗಾಲದ ಮಧ್ಯಾಹ್ನ ಬಿಸಿಲು ಕೆಳಕ್ಕೆ ಇಳಿದಾಗ ಕಿಟಕಿಯ ನೀಲಿ ನಮ್ಮ ಸೂಪಿನ ಬಟ್ಟಲಿಗೆ ಬೀಳುತ್ತಿತ್ತು. ಎಲ್ಲರೂ ಕಿಟಕಿ ನೋಡುತ್ತಿದ್ದರು. ಫಲಕ ನೋಡುತ್ತಿದ್ದವಳು ಬಹುಶಃ ನಾನೊಬ್ಬಳೇ. ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷನ್ನು ಮರೆಯದಿರಲೆಂದು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದೆ. ಮೇಲಿನ ಸಾಲುಗಳು ಆಳವಾಗಿ ಕೊರೆದವು: ದೇವರ ಮಹಿಮೆಗೆ, ಎಂಜಿನಿಯರ್ ಕ್ರಾಸ್ಲಿ ಅರ್ಪಿಸಿದ್ದು, ಸಾವಿರದ ಎಂಟುನೂರ ಎಂಬತ್ತೆಂಟು. ಕೆಳಗಿನವು ಸಣ್ಣ ಅಕ್ಷರ; ಅವನ್ನು ಕೊರೆದಿರಲಿಲ್ಲ, ಕಪ್ಪು ಬಣ್ಣದಲ್ಲಿ ಬರೆದಿದ್ದರು. ಈ ವ್ಯತ್ಯಾಸ ನನಗೆ ಒಂಬತ್ತು ವರ್ಷದಲ್ಲಿ ಹೊಳೆಯಲಿಲ್ಲ. ಈಗ ಚೆನ್ನಾಗಿ ಹೊಳೆದಿದೆ.

ನನಗೆ ಕಂಡದ್ದು ಒಂದೇ, ಹಿತ್ತಾಳೆ ಕಂದುಗಟ್ಟಿತ್ತು. ಬಾಣಲೆಯ ತಳದ ಹಾಗೆ. ನಮ್ಮ ಕಡೆ ಹಿತ್ತಾಳೆಯನ್ನು ಹಾಗೆ ಬಿಡುವ ಹೆಂಗಸನ್ನು ಹೆಂಗಸೆನ್ನುವುದಿಲ್ಲ. ಶುಕ್ರವಾರ ಬಂತೆಂದರೆ ದೀಪ, ಗಂಟೆ, ಆರತಿ ತಟ್ಟೆ, ಬಿಂದಿಗೆ ಎಲ್ಲ ಹಿತ್ತಿಲಿಗೆ ಬರಬೇಕು, ಹುಣಸೆಹಣ್ಣು ಬೀಳಬೇಕು, ಮುಖ ಕಾಣುವಷ್ಟು ಬೆಳಗಬೇಕು. ನಮ್ಮತ್ತೆ ನನ್ನನ್ನು ಒಪ್ಪಿಕೊಂಡದ್ದು ಅಡುಗೆ ನೋಡಿ ಅಲ್ಲ, ದೀಪದ ಕಂಬ ನೋಡಿ. ಸತ್ತವರ ಹೆಸರಿರುವ ಹಿತ್ತಾಳೆಯನ್ನು ನೂರು ವರ್ಷ ತೊಳೆಯದೆ ಬಿಟ್ಟ ನಿಮ್ಮ ಬಗ್ಗೆ ನನಗೆ ಒಳಗೊಳಗೇ ತಾತ್ಸಾರವಿತ್ತು. ಇಂಥ ಶ್ರೀಮಂತ ದೇಶ, ಒಂದು ಹಿಡಿ ಹುಣಸೆಹಣ್ಣಿಗೆ ಗತಿಯಿಲ್ಲವೇ ಎಂದುಕೊಳ್ಳುತ್ತಿದ್ದೆ.

ಫಲಕದ ಪಕ್ಕದಲ್ಲಿ ನೀವು ಹಾಕಿದ್ದ ಸೂಚನೆಯನ್ನು ನಾನು ಓದಿರಲಿಲ್ಲ ಎಂದು ಹೇಳಿದರೆ ನಂಬಬೇಡಿ. ಓದಿದ್ದೆ. ಲೋಹದ ವಸ್ತುಗಳನ್ನು ಒಣಬಟ್ಟೆಯಿಂದ ಮಾತ್ರ ಒರೆಸಬೇಕು, ಬೇರೇನೂ ಹಚ್ಚಬಾರದು. ಅದು ಕೈಲಾಗದವರಿಗೆ ಬರೆದದ್ದು ಎಂದು ತೀರ್ಮಾನಿಸಿದ್ದೆ.

ಅಕ್ಟೋಬರ್ ಮೂವತ್ತು, ಗುರುವಾರ. ಆ ಶನಿವಾರ ನಿಮ್ಮ ಸಕಲ ಸಂತರ ದಿನ. ಆ ವರ್ಷ ತೀರಿಕೊಂಡವರ ಹೆಸರನ್ನು ಪಾದ್ರಿ ಒಂದೊಂದಾಗಿ ಓದುತ್ತಾರೆ, ಸಮಾಧಿಗಳ ಮೇಲೆ ದೀಪವಿಡುತ್ತಾರೆ. ಚರ್ಚಿನ ಉಸ್ತುವಾರಿ ನೋಡುವ ತೆಸ್ಫಾಯ್ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರು. ಎರಿಟ್ರಿಯಾದಿಂದ ಬಂದು ಹನ್ನೆರಡು ವರ್ಷವಾದ ಮನುಷ್ಯ. ವರ್ಷವರ್ಷ ನವೀಕರಿಸುವ ಕೆಲಸ. ಸ್ಮಶಾನದಲ್ಲಿ ಎಲೆ ಬಾಚುವುದಿದೆ, ಅರ್ಧ ಗಂಟೆ ಬಿಟ್ಟು ಬರುತ್ತೇನೆ, ನಿಮಗೇನು ಬೇಕು ಎಂದು ಕೇಳಿದರು.

“ಏನೂ ಬೇಡ. ಬೆಂಚಿನ ಧೂಳು ಹೊಡೀತೀನಿ ಅಷ್ಟೆ,” ಎಂದೆ.

“ಒಣಬಟ್ಟೆ ಅಲ್ಲೇ ಇದೆ.”

“ಗೊತ್ತಪ್ಪ, ಒಂಬತ್ತು ವರ್ಷದಿಂದ ನೋಡ್ತಿದ್ದೀನಿ.”

ನನ್ನ ಚೀಲದಲ್ಲಿ ಸ್ಟೀಲಿನ ಡಬ್ಬಿಯಿತ್ತು. ಅದರಲ್ಲಿ ಹಿಂದಿನ ದಿನವೇ ನೆನೆಹಾಕಿದ ಹುಣಸೆಹಣ್ಣು. ಅವರು ಹೋದ ಮೇಲೆ ಬಕೆಟ್ಟಿಗೆ ನೀರು ಹಿಡಿದೆ, ಮೇಣದಬತ್ತಿಯ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದೆ, ಸೆರಗು ಸಿಕ್ಕಿಸಿದೆ. ಮೊದಲ ಸಲ ಉಜ್ಜಿದ್ದಕ್ಕೇ ಕಂದು ಬಣ್ಣ ಬಿಟ್ಟಿತು. ಕೆಳಗಿನಿಂದ ಚಿನ್ನ ಎದ್ದು ಬಂತು. ಆಗ ನನಗಾದ ಸಂತೋಷವನ್ನು ಇಲ್ಲಿ ಮರೆಮಾಚುವುದಿಲ್ಲ, ಅದು ಕೂಡ ತಪ್ಪೊಪ್ಪಿಗೆಯ ಭಾಗ. ಸಣ್ಣ ಅಕ್ಷರಗಳ ಜಾಗದಲ್ಲಿ ಕಪ್ಪು ಜಾಸ್ತಿ ಇತ್ತು. ಅದೂ ಕಿಲುಬೇ ಎಂದು ನಾರಿಗೆ ಉಪ್ಪು ಹಾಕಿ ಬಲವಾಗಿ ತಿಕ್ಕಿದೆ. ಒಂದು ಮಗುವಿನ ಹೆಸರು ನನ್ನ ಉಗುರಿನ ಸಂದಿಗೆ ಸೇರುತ್ತಿದೆ ಎಂದು ಗೊತ್ತಾಗಲಿಲ್ಲ. ಒರೆಸಿ ಹಿಂದೆ ಸರಿದು ನೋಡಿದಾಗ ಎಂಜಿನಿಯರ ಹೆಸರು ಮಿರಮಿರ ಮಿಂಚುತ್ತಿತ್ತು. ಅದರ ಕೆಳಗೆ ಬರೀ ಕನ್ನಡಿ.

ಆ ಕ್ಷಣದಲ್ಲಿ ತಿಳಿಯಿತೇ? ತಿಳಿಯಿತು. ಆದರೂ ಬಕೆಟ್ಟನ್ನು ಬಾಗಿಲ ಬಳಿಯೇ ಬಿಟ್ಟು, ಬಿಸಿಲು ಬಿದ್ದಿದೆ ಅದಕ್ಕೆ ಕಾಣುತ್ತಿಲ್ಲ, ಸಂಜೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಹೊರಡುವ ಮುಂಚೆ ಒಂದು ಫೋಟೊ ತೆಗೆದುಕೊಂಡೆ. ಬೆಳಗಿದ ಮೇಲಿನ ಫೋಟೊ. ಬೆಳಗುವ ಮುಂಚಿನದು ಇಲ್ಲ. ಕೊಳೆಯನ್ನು ಯಾರು ಫೋಟೊ ತೆಗೆಯುತ್ತಾರೆ?

ಆ ಶನಿವಾರ ನವೆಂಬರ್ ಒಂದು. ನಿಮ್ಮ ಪಾದ್ರಿ ಸತ್ತವರ ಹೆಸರು ಓದುತ್ತಿದ್ದ ಹೊತ್ತಿಗೆ ನಾನು ಓರೆಬ್ರೂವಿನ ಬಾಡಿಗೆ ಹಾಲಿನಲ್ಲಿ ರಾಜ್ಯೋತ್ಸವದ ಕೇಸರಿಬಾತು ತಿನ್ನುತ್ತಾ ಆ ಫೋಟೊವನ್ನು ಮೇಜಿನಿಂದ ಮೇಜಿಗೆ ತೋರಿಸುತ್ತಿದ್ದೆ.

“ಅಯ್ಯೋ ಶಕುಂತಲಮ್ಮ, ಇದು ಹಿತ್ತಾಳೆನಾ ಬಂಗಾರನಾ? ನಮ್ಮನೆ ದೀಪಕ್ಕೂ ಒಂದ್ಸಲ ಕೈ ಹಾಕಿ ಪುಣ್ಯ ಕಟ್ಕೊಳ್ಳಿ,” ಎಂದರು ಗೆಳತಿ ರಾಜಲಕ್ಷ್ಮಿ.

ಪಕ್ಕದಲ್ಲಿದ್ದ ಬದರಿನಾಥ, ನಮ್ಮ ಕೂಟದ ಕಾರ್ಯದರ್ಶಿ, ಇಣುಕಿ ನೋಡಿ, “ಆಂಟಿ, ಸ್ವೀಡನ್ನಿಗೇ ಪಾಲಿಶ್ ಹಾಕ್ಬಿಟ್ರಿ! ಗ್ರೂಪಿಗೆ ಹಾಕಿ, ಎಲ್ರೂ ನೋಡ್ಲಿ,” ಎಂದ.

ಹಾಕಿದೆ. ‘ನೂರು ವರ್ಷದ ಕೊಳೆ, ಇಪ್ಪತ್ತು ನಿಮಿಷದ ಕೆಲಸ’ ಎಂದು ಬರೆದೆ. ನಲವತ್ತೇಳು ಜನ ಕೈಮುಗಿದರು. ಗುರುವಾರ ನನಗೆ ಗೊತ್ತಾದದ್ದನ್ನು ಆ ನಲವತ್ತೇಳು ಕೈಗಳು ಮುಚ್ಚಿಹಾಕಿದವು.

ಮುಂದಿನ ಬುಧವಾರ ಸೂಪಿನ ಮೇಜಿಗೆ ನಿಮ್ಮ ಕಛೇರಿಯ ಹಾಳೆ ಬಂತು. ಸ್ಮಾರಕ ಫಲಕದ ಬರಹ ಅಳಿಸಿಹೋಗಿದೆ, ಗೊತ್ತಿರುವವರು ತಿಳಿಸಿ. ಕೈಯಿಂದ ಕೈಗೆ ಬಂತು, ನನ್ನ ಕೈಗೂ ಬಂತು. ನಾನು ಓದಿದೆ, ಮಡಚಿದೆ, ಬಲಕ್ಕೆ ಕೂತವರಿಗೆ ಕೊಟ್ಟೆ. ಆಗ ಎದುರಿನ ಹೆಂಗಸೊಬ್ಬರು ಮೆಲ್ಲಗೆ, ತೆಸ್ಫಾಯ್ ಬೇಸಿಗೆಯಲ್ಲಿ ದೀಪಗೊಂಚಲು ಒರೆಸಲು ಯಾವುದೋ ಪೇಸ್ಟು ಕೇಳಿದ್ದರಲ್ಲವೇ ಎಂದರು. ಯಾರೂ ಹೌದೆನ್ನಲಿಲ್ಲ, ಯಾರೂ ಇಲ್ಲವೆನ್ನಲಿಲ್ಲ. ನಾನು ಸೂಪು ಕಲಕುತ್ತಿದ್ದೆ. ಅದು ಬಟಾಣಿ ಸೂಪು, ಕಲಕುವ ಅಗತ್ಯವೇನೂ ಇರಲಿಲ್ಲ. ಮನುಷ್ಯನ ಮೇಲೆ ಅಪವಾದ ಹೊರಿಸಲು ಬಾಯಿ ತೆರೆಯಬೇಕಿಲ್ಲ ಎಂಬುದನ್ನು ಅರವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತೆ.

ಈಗ ನಿಮ್ಮ ತನಿಖೆಯ ವಿಷಯಕ್ಕೆ ಬರುತ್ತೇನೆ. ತೆಸ್ಫಾಯ್ ಅವರನ್ನು ನೀವು ಮೂರು ಸಲ ಕರೆಸಿದಿರಿ. ನಮ್ಮನ್ನು, ಬುಧವಾರದ ಸ್ವಯಂಸೇವಕರನ್ನು, ಒಂದು ಸಲವೂ ಕರೆಸಲಿಲ್ಲ. ಏಕೆ? ಹನ್ನೊಂದು ಜನ ಆ ಗೋಡೆಯ ಪಕ್ಕದಲ್ಲೇ ಕೂರುತ್ತೇವೆ. ನಮ್ಮಲ್ಲಿ ಹತ್ತು ಜನ ಈ ಊರಿನಲ್ಲಿ ಹುಟ್ಟಿದವರು, ಅವರನ್ನು ಕೇಳುವುದು ನಿಮಗೆ ಮುಜುಗರ. ಹನ್ನೊಂದನೆಯವಳು ನಿಮ್ಮ ಮುಖಪುಟದ ಚಿತ್ರ. ಚಿತ್ರವನ್ನು ಯಾರಾದರೂ ಪ್ರಶ್ನೆ ಕೇಳುತ್ತಾರೆಯೇ? ಉಳಿದವರು ಕೀಲಿಕೈ ಇಟ್ಟುಕೊಂಡ ತೆಸ್ಫಾಯ್ ಒಬ್ಬರೇ. ಕೀಲಿಕೈ ಇದ್ದವನೇ ಕಳ್ಳನೆಂದು ತೀರ್ಮಾನಿಸಲು ನಾಲ್ಕು ಪುಟ ಬೇಕಿತ್ತೇ? ನಿಮ್ಮ ವರದಿಯ ಮೂರನೆಯ ಪುಟದಲ್ಲಿ ‘ಸಂಬಂಧಪಟ್ಟ ನೌಕರನ ಹಿನ್ನೆಲೆಯಲ್ಲಿ ಪಾರಂಪರಿಕ ವಸ್ತುಗಳ ನಿರ್ವಹಣೆಯ ಅರಿವು ಕಡಿಮೆ ಇರಬಹುದು’ ಎಂದಿದೆ. ದಿಯಾ ಅದನ್ನು ಎರಡು ಸಲ ಓದಿ ಅರ್ಥ ಹೇಳಿದಳು. ಆ ಮಾತು ನನಗೆ ಸಲ್ಲಬೇಕಾದದ್ದು, ಅಧ್ಯಕ್ಷರೇ. ಅದನ್ನು ತೆಗೆದುಕೊಂಡು ಹೋಗಿ ಎಂಟು ವರ್ಷದಿಂದ ಆ ಚರ್ಚಿನ ಒಂದು ಮೊಳೆಯನ್ನೂ ಕೇಳದೆ ಅಲುಗಿಸದ ಮನುಷ್ಯನಿಗೆ ಕೊಟ್ಟಿದ್ದೀರಿ. ಲಿಖಿತ ಎಚ್ಚರಿಕೆ ಕೊಟ್ಟಿರಿ. ಕ್ರಿಸ್‌ಮಸ್ಸಿನ ತಯಾರಿ ಶುರುವಾಗುವ ಆಡ್ವೆಂಟಿನ ಮೊದಲ ಭಾನುವಾರಕ್ಕೆ ಮುಂಚೆ ಕೀಲಿಕೈ ಕಸಿದುಕೊಂಡಿರಿ. ಒಳಗಿನ ಕೆಲಸ ತಪ್ಪಿಸಿ ಸ್ಮಶಾನದ ಹಿಮ ಎತ್ತಲು ಹಾಕಿದಿರಿ. ಜನವರಿಯ ಸಭೆಯಲ್ಲಿ ಅವರ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತೀರಂತೆ.

ನಿಮ್ಮನ್ನು ಹೀಗೆ ಬೈಯುವುದು ನನಗೆ ಹಿತವಾಗಿದೆ, ಅದಕ್ಕೇ ಇಲ್ಲಿ ನಿಲ್ಲಿಸುತ್ತೇನೆ. ನೀವು ಕೇಳಲಿಲ್ಲ ನಿಜ. ಆದರೆ ನನಗೆ ಬಾಯಿ ಇರಲಿಲ್ಲವೇ? ಮನೆಯಲ್ಲಿ ಲೋಟ ಬಿದ್ದರೆ ಯಾರು ಬೀಳಿಸಿದ್ದು ಎಂದು ಮೂರು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಕೇಳಿದವಳು ನಾನು.

ವರದಿಯ ಸುದ್ದಿ ಊರಿನ ಪತ್ರಿಕೆಯಲ್ಲಿ ಬಂದ ದಿನ ಊಟದ ಮೇಜಿನಲ್ಲಿ ದಿಯಾ ಅದನ್ನು ಗಟ್ಟಿಯಾಗಿ ಓದಿದಳು. ಅದಿತಿ ಅನ್ನ ಬಡಿಸುತ್ತಿದ್ದವಳು ಕೈ ತಡೆದು, “ಅತ್ತೆ, ಇದು ನೀವು ಗ್ರೂಪಿಗೆ ಹಾಕಿದ ಪ್ಲೇಟ್ ಅಲ್ವಾ?” ಎಂದಳು.

“ಊಟ ಮಾಡು.”

“ನಾನು ಮಾಡ್ತೀನಿ. ನೀವು ಹೇಳಿ.”

“ಹಿತ್ತಾಳೆ ಅಂದ ಮೇಲೆ ಎಲ್ಲ ಒಂದೇ ಥರ ಇರುತ್ತೆ.”

ದಿಯಾಗೆ ಹದಿನಾರು ವರ್ಷ. ಸಾಮಾನ್ಯವಾಗಿ ನನಗೆ ಸ್ವೀಡಿಷಿನಲ್ಲೇ ಉತ್ತರ ಕೊಡುವವಳು ಅಂದು ಕನ್ನಡದಲ್ಲಿ ಮಾತಾಡಿದಳು. “ಅಜ್ಜಿ, ನಾನು ಥರ್ಡ್ ಕ್ಲಾಸಲ್ಲಿ ಇರಾಳ ಪೆನ್ಸಿಲ್ ಬಾಕ್ಸ್ ಮುರಿದಾಗ ಏನ್ ಮಾಡಿದ್ರಿ? ಅವರ ಮನೆ ತನಕ ಕಿವಿ ಹಿಡ್ಕೊಂಡು ಹೋದ್ರಿ. ಸ್ನೋ ಬೀಳ್ತಾ ಇತ್ತು. ನಾನು ಶೂ ಕೂಡ ಸರಿಯಾಗಿ ಹಾಕಿರಲಿಲ್ಲ.”

“ಅದು ಬೇರೆ.”

“ಹೇಗೆ ಬೇರೆ?”

ನೀರಜ್ ಮಗಳಿಗೆ ಕಣ್ಸನ್ನೆ ಮಾಡಿದ. ಮಗ ನನಗಾಗಿ ಕಣ್ಸನ್ನೆ ಮಾಡುವ ಸ್ಥಿತಿಗೆ ಬಂದೆನಲ್ಲ ಎಂದು ಅನ್ನದ ಮೇಲೆ ಸಿಟ್ಟು ತೋರಿಸಿ ಎದ್ದೆ.

ಮರುದಿನ ಬದರಿನಾಥ ಫೋನ್ ಮಾಡಿದ. “ಆಂಟಿ, ಆ ಫೋಟೊ ಡಿಲೀಟ್ ಮಾಡ್ಬಿಡಿ. ನಾನು ಗ್ರೂಪಲ್ಲಿ ತೆಗೆಸಿದ್ದೀನಿ. ಯಾರಿಗೂ ಏನೂ ಹೇಳೋಕೆ ಹೋಗ್ಬೇಡಿ.”

“ಆ ಮನುಷ್ಯನ ಕೆಲಸ ಹೋಗುತ್ತಲ್ಲಪ್ಪ.”

“ಅವ್ರಿಗೆ ಇಲ್ಲಿ ಯೂನಿಯನ್ ಇದೆ, ಊರಿನ ಕೊಮ್ಯೂನ್ ಆಫೀಸ್ ಇದೆ, ಏನಾದ್ರೂ ನೋಡ್ಕೋತಾರೆ. ನಾಳೆ ಪೇಪರಲ್ಲಿ ಇಂಡಿಯನ್ ಅಜ್ಜಿ ಅಂತ ಬಂದ್ರೆ? ನಮ್ಮೆಲ್ಲರ ಹೆಸರು ಏನಾಗ್ಬೇಕು?”

ಬದರಿನಾಥ ಕೆಟ್ಟವನಲ್ಲ. ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿ ಆಗಲೇ ಇದ್ದದ್ದು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಎಂಥ ಮಾತೆಂದು ಗೊತ್ತಾಯಿತು. ನಮ್ಮ ಹೆಸರಂತೆ. ಒಂದು ಹೆಸರನ್ನು ಗೋಡೆಯಿಂದ ತಿಕ್ಕಿ ತೆಗೆದದ್ದಾಯಿತು, ಇನ್ನೊಬ್ಬರ ಹೆಸರು ಕೆಟ್ಟದ್ದಾಯಿತು, ಇನ್ನು ನಮ್ಮದನ್ನು ಉಳಿಸಿಕೊಳ್ಳಬೇಕು! ಆದರೂ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಇನ್ನೂ ಒಂದು ವಾರ ನಾನು ಸುಮ್ಮನಿದ್ದೆ. ಸ್ಮಶಾನದ ಗೇಟಿನ ತನಕ ಎರಡು ಸಲ ಹೋಗಿ ತಿರುಗಿ ಬಂದೆ.

ಕಳೆದ ಸೋಮವಾರ ಒಳಗೆ ಹೋದೆ. ತೆಸ್ಫಾಯ್ ಸಮಾಧಿಗಳ ನಡುವಿನ ದಾರಿಯ ಹಿಮ ಎತ್ತುತ್ತಿದ್ದರು. ನಾವು ಮಾತಾಡಿದ್ದು ಸ್ವೀಡಿಷಿನಲ್ಲಿ, ಇಬ್ಬರದೂ ಎರವಲು ಭಾಷೆ. ನನಗೆ ನೆನಪಿರುವುದು ಮಾತ್ರ ನನ್ನ ಭಾಷೆಯಲ್ಲೇ.

“ಆ ಫಲಕ… ನಾನೇ ಅಂತ ನಿನಗೆ ಗೊತ್ತಿತ್ತಾ?” ಎಂದೆ.

ಅವರು ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿದರು. “ಬಕೆಟ್ ಚೆಲ್ಲಿದ್ದು ನಾನು, ಶಕುಂತಲಾ. ಒಳಗೆ ಬೀಜ ಇತ್ತು. ಕಂದು ಬೀಜ, ಆರೇಳು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಮಾಡಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಎರಡನೇ ಸಲ ಕರೆದು ನೀನು ಮಾಡಿದೆಯಾ ಅಂದರು. ಇಲ್ಲ ಅಂದೆ. ಮೂರನೇ ಸಲವೂ ಅದೇ. ಯಾರು ಮಾಡಿದ್ದು ಅಂತ ಯಾರೂ ಕೇಳಲೇ ಇಲ್ಲ.”

“ಕೇಳಿದ್ದರೆ?”

“ಗೊತ್ತಿಲ್ಲ. ನೀವೇ ಹೇಳುತ್ತೀರಿ ಅಂದುಕೊಂಡಿದ್ದೆ. ಮೊದಲನೇ ಬುಧವಾರ ಹೇಳುತ್ತೀರಿ ಅಂದುಕೊಂಡೆ. ಆಮೇಲೆ ಎರಡನೇ ಬುಧವಾರ. ಆಮೇಲೆ ಅಂದುಕೊಳ್ಳುವುದು ಬಿಟ್ಟೆ.”

ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಸಮಾಧಾನದ ದನಿಯಲ್ಲಿ ಇಷ್ಟು ದೊಡ್ಡ ಏಟು ಕೊಟ್ಟಿರಲಿಲ್ಲ. “ನನ್ನ ಜೊತೆ ಕಛೇರಿಗೆ ಬರುತ್ತೀಯಾ? ಇಬ್ಬರೂ ಹೋಗಿ ಹೇಳೋಣ,” ಎಂದೆ.

“ನಾನು ಹೇಳುವುದು ಏನಿದೆ? ನಾನು ಆಗಲೇ ಮೂರು ಸಲ ಹೇಳಿದ್ದೇನೆ.” ನನ್ನ ಕೈಯ ಫ್ಲಾಸ್ಕ್ ನೋಡಿ, “ಅದು ಕಾಫಿ ಆದರೆ ಕೊಡಿ. ಬೆರಳು ಮರಗಟ್ಟಿದೆ,” ಎಂದರು.

ಕುಡಿದರು. ಅದನ್ನು ನಾನು ಕ್ಷಮೆ ಎಂದು ತಿಳಿದುಕೊಂಡಿಲ್ಲ. ಡಿಸೆಂಬರಿನಲ್ಲಿ ಹೊರಗೆ ನಿಂತು ಕೆಲಸ ಮಾಡುವವರು ಯಾರು ಕೊಟ್ಟ ಕಾಫಿಯನ್ನೂ ಬೇಡವೆನ್ನುವುದಿಲ್ಲ.

ಇನ್ನು ಫಲಕದ ಬರಹ. ನಿಮ್ಮ ದಾಖಲೆಯಲ್ಲಿ ‘ಇಂಗ್ಲಿಷ್ ಸ್ಮಾರಕ ಫಲಕ, ಹಿತ್ತಾಳೆ’ ಎಂಬ ನಾಲ್ಕೇ ಪದ ಇವೆಯಂತೆ. ಹಳೆಯ ಫೋಟೊದಲ್ಲಿ ಕೆಳಗಿನ ಸಾಲುಗಳಿಗೆ ಮೇಣದಬತ್ತಿಯ ಸ್ಟ್ಯಾಂಡು ಅಡ್ಡ ನಿಂತಿದೆಯಂತೆ. ಪಾರಂಪರಿಕ ವಸ್ತುಗಳ ನಿರ್ವಹಣೆಯ ಅರಿವು ಯಾರಲ್ಲಿ ಕಡಿಮೆ ಎಂದು ನಾನು ಕೇಳಬಹುದಿತ್ತು. ಕೇಳುವ ಅರ್ಹತೆ ಕಳೆದುಕೊಂಡಿದ್ದೇನೆ. ಆ ಸಾಲುಗಳನ್ನು ನೆನಪಿನಲ್ಲಿಟ್ಟುಕೊಂಡ ಮನುಷ್ಯ ಜೀವ ಬಹುಶಃ ಈಗ ಭೂಮಿಯ ಮೇಲೆ ಒಂದೇ, ಅಳಿಸಿದವಳೇ. ಆದ್ದರಿಂದ ಬರೆದುಕೊಳ್ಳಿ. ಅವರ ಒಬ್ಬಳೇ ಮಗಳು ಆಗ್ನೆಸ್ ಮೇರಿಯ ಪ್ರೀತಿಯ ನೆನಪಿಗೆ. ಸಾವಿರದ ಎಂಟುನೂರ ಎಂಬತ್ತೇಳರ ಫೆಬ್ರವರಿ ಹನ್ನೊಂದರಂದು ಗಂಟಲ ಜ್ವರದಿಂದ ತೀರಿಕೊಂಡಳು. ವಯಸ್ಸು ನಾಲ್ಕು ವರ್ಷ ಹತ್ತು ತಿಂಗಳು. ಇಷ್ಟನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅದರ ಕೆಳಗೆ ಕೊನೆಯ ಸಾಲು: ಅವಳ ಹಾಸಿಗೆಯ ಬಳಿಯಿಂದ ಕದಲದೆ, ಅದೇ ವಾರ ಅದೇ ಜ್ವರಕ್ಕೆ ಬಲಿಯಾದ ಸೇವಕಿ ಇಂಥವಳ ನೆನಪಿಗೂ.

ಆ ‘ಇಂಥವಳ’ ಹೆಸರು ನನಗೆ ಗೊತ್ತಿಲ್ಲ. ಅದು ಸ್ವೀಡಿಷ್ ಹೆಸರು, ಒಂದು ಅಕ್ಷರದ ತಲೆಯ ಮೇಲೆ ಎರಡು ಚುಕ್ಕೆ ಇದ್ದವು. ಬಾಯಿ ತಿರುಗುತ್ತಿರಲಿಲ್ಲ. ಒಂಬತ್ತು ವರ್ಷ, ಪ್ರತಿ ಬುಧವಾರ, ಸ್ಟ್ಯಾಂಡಿನ ಸಂದಿಯಿಂದ ಇಣುಕಿ ಆ ಸಾಲಿಗೆ ಬಂದಾಗೆಲ್ಲ ಹೆಸರನ್ನು ಹಾರಿಸಿ ಮುಂದಕ್ಕೆ ಹೋದೆ. ಮಗುವಿನ ಹೆಸರು ಓದಿದೆ, ಸಾಹೇಬರ ಹೆಸರು ಓದಿದೆ, ಆಳಿನ ಹೆಸರಿಗೆ ನಾಲಗೆ ಸವೆಸಲಿಲ್ಲ. ದಿಯಾ ಈ ವಾರ ಹಳೆಯ ಚರ್ಚಿನ ಸಾವಿನ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಹುಡುಕಿದಳು. ಆ ಹದಿನೈದು ದಿನದಲ್ಲಿ ಇದೇ ಜ್ವರಕ್ಕೆ ತೀರಿಕೊಂಡ ಮನೆಗೆಲಸದ ಹೆಂಗಸರು ಮೂವರು: ಸ್ಟೀನಾ ಯೋನ್ಸ್‌ದೋತ್ತರ್, ಬ್ರೀಟಾ ಯೋರಾನ್ಸ್‌ದೋತ್ತರ್, ಕಾರಿನ್ ಪೇರ್ಸ್‌ದೋತ್ತರ್. ಯಾರು ಯಾರ ಮನೆಯಲ್ಲಿದ್ದರೆಂದು ಬರೆದಿಲ್ಲ. ಎರಡು ಚುಕ್ಕೆ ಮೊದಲಿನ ಇಬ್ಬರ ಹೆಸರಿನಲ್ಲೂ ಇದೆ. ದಿಯಾ ಎರಡನ್ನೂ ದೊಡ್ಡದಾಗಿ ಬರೆದು ತೋರಿಸಿ, “ಅಜ್ಜಿ, ಕಣ್ಣು ಮುಚ್ಚಿ ನೆನಪು ಮಾಡ್ಕೊಳ್ಳಿ,” ಎಂದಳು. ಮುಚ್ಚಿದೆ. ಕಂಡದ್ದು ನನ್ನ ಕೈ, ತೆಂಗಿನ ನಾರು.

ಹೊಸ ಫಲಕ ಮ್ಯೂಸಿಯಂ ರೀತಿ ನೀತಿಗೆ ಸರಿಯಾಗಿ ಇರಬೇಕೆಂದು ತಜ್ಞರು ಹೇಳುತ್ತಾರೆ, ಗೊತ್ತು. ಅವರು ಏನಾದರೂ ಮಾಡಲಿ, ಒಂದನ್ನು ಮಾತ್ರ ಮಾಡದಿರಲಿ. ಹೆಸರು ತಿಳಿಯದು ಎಂಬ ಕಾರಣಕ್ಕೆ ಕೊನೆಯ ಸಾಲನ್ನೇ ಕೈಬಿಟ್ಟು, ಎಂಜಿನಿಯರನ್ನೂ ಅವರ ಮಗಳನ್ನೂ ಚೆಂದವಾಗಿ ಕೆತ್ತಿಸಿ ಪರದೆ ಸರಿಸುವ ಸಮಾರಂಭ ಮಾಡದಿರಲಿ. ಆ ಸಾಲು ಇರಲಿ, ಹೆಸರಿನ ಜಾಗ ಖಾಲಿ ಇರಲಿ. ಆ ಜಾಗ ಖಾಲಿಯಾದದ್ದು ಹೇಗೆಂದು ಪಕ್ಕದಲ್ಲಿ ಬರೆಯುವುದಾದರೆ ನನ್ನ ಹೆಸರು ಬರೆಯಿರಿ, ಪೂರ್ತಿ ಬರೆಯಿರಿ.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ತೆಸ್ಫಾಯ್ ಅವರಿಗೆ ಕೊಟ್ಟ ಎಚ್ಚರಿಕೆಯನ್ನು ಜನವರಿಯ ತನಕ ಕಾಯದೆ ಹಿಂತೆಗೆದುಕೊಳ್ಳಿ. ಬಾಯಿಮಾತಿನಲ್ಲಲ್ಲ, ಕೊಟ್ಟ ಹಾಗೆಯೇ ಲಿಖಿತವಾಗಿ. ನಿಮ್ಮ ವರದಿಯ ಮೂರನೆಯ ಪುಟದ ಆ ವಾಕ್ಯವನ್ನು ಹೊಡೆದುಹಾಕಿ, ಅದನ್ನು ಬರೆದವರು ಅವರ ಮುಂದೆ ನಿಂತು ಕ್ಷಮೆ ಕೇಳಲಿ. ನಾನೂ ಆ ಸಾಲಿನಲ್ಲಿ ನಿಲ್ಲುತ್ತೇನೆ, ಮೊದಲನೆಯವಳಾಗಿ. ಅವರು ಅರ್ಧ ಗಂಟೆ ಬಾಗಿಲು ತೆರೆದಿಟ್ಟು ಹೋದದ್ದು ನಿಯಮಕ್ಕೆ ವಿರುದ್ಧ ಎನ್ನುತ್ತೀರಿ. ಹೌದು, ವಿರುದ್ಧ. ಎಂಟು ವರ್ಷದಿಂದ ನೋಡಿದ ಮುದುಕಿಯ ಮಾತನ್ನು ನಂಬಿದರು. ಆ ತಪ್ಪಿಗೆ ಶಿಕ್ಷೆ ಬೇಕೆಂದರೆ ನಂಬಿಕೆ ಮುರಿದವಳಿಗೆ ಕೊಡಿ. ಪೊಲೀಸಿಗೆ ಕೊಡುವುದಾದರೆ ಕೊಡಿ, ಇನ್ನು ಮುಂದೆ ಸೂಪಿನ ಮೇಜಿಗೆ ಬರಬೇಡಿ ಎನ್ನುವುದಾದರೆ ಹೇಳಿ. ದೊಡ್ಡ ಮನಸ್ಸು ಮಾಡಿ, ಪಾಪ ವಯಸ್ಸಾದವರು, ಅವರ ಸಂಸ್ಕೃತಿಯಲ್ಲಿ ಹಾಗೆ ಎಂದು ಮಾತ್ರ ನನ್ನನ್ನು ಬಿಟ್ಟುಬಿಡಬೇಡಿ. ನನ್ನ ಸಂಸ್ಕೃತಿಯಲ್ಲಿ ಸುಳ್ಳು ಹೇಳು ಎಂದಿಲ್ಲ.

ಬರುವ ಬುಧವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಸೂಪು ಬಡಿಸುವ ಮುಂಚೆ, ಆ ಹತ್ತು ಜನರ ಎದುರು, ಈ ಪತ್ರವನ್ನು ಸ್ವೀಡಿಷಿನಲ್ಲಿ ನಾನೇ ಓದುತ್ತೇನೆ. ನಾಲಗೆ ಎಡವಿದರೆ ಎಡವಲಿ. ಅಷ್ಟರೊಳಗೆ ಆ ಬಾಗಿಲನ್ನು ತೆರೆಯಲು ಒಳಗಿನಿಂದ ಯಾರು ಬರಬೇಕು, ಕೀಲಿಕೈ ಯಾರ ಸೊಂಟದಲ್ಲಿರಬೇಕು ಎಂಬುದನ್ನು ನೀವು ತೀರ್ಮಾನಿಸಿರಿ. ಬೇರೆಯವರು ಬಂದು ತೆರೆದರೆ ನಾನು ಒಳಗೆ ಕಾಲಿಡುವುದಿಲ್ಲ. ಚಳಿಯಲ್ಲಿ ಅಲ್ಲೇ ನಿಂತು ಓದುತ್ತೇನೆ.

ಇಂತಿ,
ಯಾರೂ ಕೇಳಲಿಲ್ಲವೆಂದು ಆರು ವಾರ ಸುಮ್ಮನಿದ್ದವಳು,
ಶಕುಂತಲಾ ಸೋಮಶೇಖರ